ವಾಟ ಒಳಕ್ಕೆ

ಮನೆಯ ಪಕ್ಕದ ಗೋಡೆಯಿಂದ ಹೊಗೆ ಬರುತ್ತಿತ್ತು. ಅದನ್ನು ಉಗುಳುತ್ತಿದ್ದದ್ದು ಬಚ್ಚಲಿಗೆ ಹಾಕುವಂಥ ಬಿಳಿ ಪ್ಲಾಸ್ಟಿಕ್ ಪೈಪು. ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲಿ ಪಾಳಿಯ ಮೇಲ್ವಿಚಾರಕನಾಗಿ ನಿವೃತ್ತನಾದ ನನಗೆ ಹೊಗೆಯೆಂದರೆ ಎತ್ತರದ ಚಿಮಣಿ. ಬೆಂಕಿಗೆ ಪ್ಲಾಸ್ಟಿಕ್ ಜೋಡಿಸಿದವನನ್ನು ನಾನು ನಂಬಲಿಲ್ಲ.

ಇದು ಕೆನಡಾದ ವಿನಿಪೆಗ್. ನರ್ಸ್ ಆಗಿರುವ ಮಗಳು ಗಿರಿಜಾಳ ಮನೆಗೆ ನಾನೂ ಹೆಂಡತಿ ನೀಲಮ್ಮನೂ ಬಂದ ಮೇಲೆ ಇದು ಎರಡನೆಯ ಚಳಿಗಾಲ. ಈ ವರ್ಷ ನೆಲಮಾಳಿಗೆಗೆ ಹೊಸ ಫರ್ನೇಸ್ ಬಂದಿದೆ. ಆ ಬಿಳಿ ಪೈಪೇ ಚಿಮಣಿಯಾದ, ಮನೆಯನ್ನೆಲ್ಲ ಬೆಚ್ಚಗಿಡುವ ಗ್ಯಾಸಿನ ಒಲೆ. ಅದು ಹೊಗೆಯಿಂದಲೂ ಶಾಖ ಹಿಂಡಿಕೊಳ್ಳುತ್ತದಂತೆ. ತಣ್ಣಗಾದ ಹೊಗೆಯ ಆವಿ ನೀರಾಗಿ, ಸಣ್ಣ ನಳಿಗೆಯಲ್ಲಿ ನೆಲದ ಮೋರಿಗೆ ಹೋಗುತ್ತದಂತೆ. ನಮ್ಮಲ್ಲಿ ನೀರು ಬೆಂಕಿ ಆರಿಸುತ್ತದೆ. ಇಲ್ಲಿ ಬೆಂಕಿಯೇ ನೀರು ಸುರಿಸುತ್ತದೆ.

ಏರುತಗ್ಗು ತೋರಿಸುವ ರಸಮಟ್ಟ ತಂದು ಪೈಪಿನ ಮೇಲಿಟ್ಟು ನೋಡಿದೆ. ಶಹಾಬಾದಿನ ಫರಸಿ ಕಲ್ಲು ಹಾಸುವಾಗ ಮೇಸ್ತ್ರಿ ಮೊದಲು ಕೇಳುವುದು ವಾಟ, ಅಂದರೆ ನೀರು ಹರಿಯುವ ಇಳಿಜಾರು, ಯಾವ ಕಡೆಗೆ ಎಂದು. ಉತ್ತರ ಒಂದೇ: ಹೊರಗೆ. ಈ ಪೈಪು ಮನೆಯೊಳಕ್ಕೆ ಇಳಿದಿತ್ತು. ಅದರ ಮೇಲಿನ ಕೋಣೆಯಲ್ಲೇ ನಮ್ಮ ಮೊಮ್ಮಗು ಮಲಗುವುದು.

"ಅಪ್ಪಾ, ವಿಷದ ಹೊಗಿ ಬಂದ್ರ ಕೂಗೋ ಅಲಾರಾಂ ಗೋಡಿಗೇ ಅದ," ಎಂದಳು ಗಿರಿಜಾ.

"ಕೂಗೋತನಕ ಕಾಯೋದೇನು? ವಾಟ ಉಲ್ಟಾ ಕೊಟ್ಟಾನ. ಕರಿ ಅವನ್ನ."

"ನಮ್ಮೂರು ಸೇಡಂದಾಗ ನಾಕು ಫರಸಿ ಹಾಕ್ಸಿ ಇಲ್ಲಿ ಇಂಜಿನಿಯರ್ ಆಗ್ಯಾರ ನಿಮ್ಮಪ್ಪ," ಎಂದಳು ನೀಲಮ್ಮ.

ಪೈಪು ಜೋಡಿಸಿದ ಫಿಟ್ಟರ್ ಶನಿವಾರ ಬರುವುದೆಂದಾಯಿತು. ಪೈಪಿನ ಹೊರತುದಿಯನ್ನು ತಗ್ಗಿಸಿಯೇ ಅವನನ್ನು ಕಳಿಸಬೇಕೆಂದು ನಿರ್ಧರಿಸಿದ್ದೆ.

ಶುಕ್ರವಾರ ಬೆಳಗಿನ ನಡಿಗೆಯಲ್ಲಿ ಮೂರನೆಯ ಮನೆಯ ಮುಂದೆ ನಿಂತೆ. ಅವರ ಪೈಪು ಜೋತುಬಿದ್ದು, ನಾನು ಬಯಸಿದಂತೆಯೇ ಹೊರಕ್ಕೆ ಇಳಿದಿತ್ತು. ತುದಿಗೆ ಹರಿದ ನೀರು ಹೆಪ್ಪುಗಟ್ಟಿ ಬಾಯಿಯನ್ನೇ ಮುಚ್ಚಿತ್ತು. ಹೊಗೆಗೆ ದಾರಿಯಿಲ್ಲದೆ ಫರ್ನೇಸ್ ನಿಂತಿತ್ತು. ಮನೆಯಾತ ಸುತ್ತಿಗೆಯಿಂದ ಐಸ್ ಒಡೆಯುತ್ತಿದ್ದ. ಮಕ್ಕಳು ಹೀಟರ್ ಹಾಕಿದ ಕಾರಿನಲ್ಲಿ ಕುಳಿತಿದ್ದರು. ನಮ್ಮ ಪೈಪಿನ ನೀರು ಒಳಗಿನ ಬಿಸುಪಿಗೆ ಮರಳುತ್ತದೆ, ಹೆಪ್ಪುಗಟ್ಟುವುದಿಲ್ಲ.

ಮನೆಗೆ ಬಂದು ಕೋಟು ತೆಗೆಯುವ ಮೊದಲೇ ಹೇಳಿದೆ: "ಗಿರಿಜಾ, ನಾಳಿ ಬರೋದು ಬ್ಯಾಡಂತ ಹೇಳು ಅವನಿಗೆ."

"ಯಾಕ್ರಿ, ವಾಟ ಸೀದಾ ಆತೇನು?" ನೀಲಮ್ಮ ಕೇಳಿದಳು.

"ಇಲ್ಲಿ ಇದೇ ಸೀದಾ."

ಆದರೂ ದಿನಾ ಬೆಳಿಗ್ಗೆ ನೆಲಮಾಳಿಗೆಗೆ ಇಳಿದು ಪೈಪಿನ ಜೋಡಣೆಗಳನ್ನು ಮುಟ್ಟಿ ನೋಡುತ್ತೇನೆ.

ಮೊನ್ನೆ ಸೇಡಂನಿಂದ ತಮ್ಮನ ಫೋನು. ಹಿತ್ತಲಿಗೆ ಫರಸಿ ಹಾಕಿಸುತ್ತಿದ್ದಾನೆ. "ಅಣ್ಣಾ, ವಾಟ ಯಾ ಕಡಿ ಇಡಸ್ಲಿ?"

"ಹೊರಗ," ಎಂದೆ. ಹೇಳುವ ಮೊದಲು ಒಂದು ಕ್ಷಣ ಯೋಚಿಸಬೇಕಾಯಿತು.