ಭರ್ತಿ ಎಂದು ಬರೆದದ್ದು

ಅಧಿವೇಶನ ನಡೆಯುವ ವಾರಗಳಲ್ಲಿ ನಮ್ಮ ಕಚೇರಿಯಲ್ಲಿ ಯಾರೂ ರಜೆ ಕೇಳುವುದಿಲ್ಲ. ಶಾಸಕರೊಬ್ಬರು ವಿಧಾನಸಭೆಯಲ್ಲಿ ಕೇಳಿದ ಪ್ರಶ್ನೆ ಬೆಂಗಳೂರಿನಿಂದ ಜಿಲ್ಲೆಗೆ, ಜಿಲ್ಲೆಯಿಂದ ವಾಟ್ಸ್ಯಾಪ್‌ನಲ್ಲಿ ತಾಲ್ಲೂಕಿಗೆ ಇಳಿಯುತ್ತದೆ. ಬೆಳಿಗ್ಗೆ ಹನ್ನೊಂದಕ್ಕೆ ಬಂದರೆ ಮಧ್ಯಾಹ್ನ ಮೂರರೊಳಗೆ ಉತ್ತರ ಹೋಗಬೇಕು. ನಾವು ಕಳಿಸಿದ್ದನ್ನು ಜಿಲ್ಲೆಯವರು ಕೂಡಿಸುತ್ತಾರೆ, ಜಿಲ್ಲೆಗಳದ್ದನ್ನು ಬೆಂಗಳೂರಿನವರು ಕೂಡಿಸುತ್ತಾರೆ, ಕೊನೆಗೆ ಅದು ಮಂತ್ರಿಗಳ ಉತ್ತರವಾಗಿ ಸದನದ ಮುಂದೆ ಬರುತ್ತದೆ. ಅಷ್ಟರಲ್ಲಿ ಮೊದಲ ಸಾಲು ಬರೆದ ಗುಮಾಸ್ತ ಯಾರೆಂದು ಯಾರಿಗೂ ಬೇಕಾಗಿರುವುದಿಲ್ಲ.

ನಾನು ಆ ಗುಮಾಸ್ತ. ದನಕರುಗಳ ದವಾಖಾನೆಗಳನ್ನು ನೋಡಿಕೊಳ್ಳುವ ಇಲಾಖೆ ನಮ್ಮದು. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ, ನಾಲ್ಕೂ ಕಡೆ ಕೆಲಸ ಮಾಡಿದ್ದೇನೆ. ಈಗ ಹೇಳುತ್ತಿರುವುದು ಯಾವ ತಾಲ್ಲೂಕಿನದೆಂದು ಹೇಳುವುದಿಲ್ಲ. ಧಾರವಾಡದಲ್ಲಿ ಇತಿಹಾಸದ ಎಂ.ಎ. ಓದಿದವನು ನಾನು. ಒಂದು ದಾಖಲೆ ಸಿಕ್ಕಿದರೆ ಅದನ್ನು ಯಾರು, ಯಾರಿಗೆ ಹೆದರಿ ಬರೆದರು ಎಂದು ಮೊದಲು ಕೇಳಬೇಕೆಂದು ಅಲ್ಲಿ ಕಲಿಸಿದ್ದರು. ಆಮೇಲೆ ಇಪ್ಪತ್ತು ವರ್ಷ ಅಂಥ ದಾಖಲೆಗಳನ್ನೇ ಬರೆಯುತ್ತ ಕಳೆದೆ.

ದಿಲ್ಲಿಯಿಂದಲೂ ಪ್ರಶ್ನೆಗಳು ಬರುತ್ತವೆ. ಸಂಸದರೊಬ್ಬರು ದೇಶದಲ್ಲಿ ವಲಸೆ ಹಕ್ಕಿಗಳಿಂದ ಕೋಳಿಜ್ವರ ಹರಡುತ್ತಿದೆಯೇ ಎಂದು ಕೇಳಿದ್ದಕ್ಕೆ ನಾವು ಆ ಹಕ್ಕಿಗಳು ಬಂದಿಳಿಯುವ ನಮ್ಮ ಜಿಲ್ಲೆಯ ಮಾಗಡಿ ಕೆರೆಯ ದಂಡೆಯ ಮೇಲೆ ಅರ್ಧ ದಿನ ನಡೆದು, ಸತ್ತ ಬಾತು ಒಂದೂ ಕಾಣದೆ, ‘ಶೂನ್ಯ’ ಎಂದು ಬರೆದೆವು. ನನ್ನ ನೌಕರಿಯಲ್ಲಿ ಕಣ್ಣಾರೆ ನೋಡಿ ಬರೆದ ಉತ್ತರಗಳು ಕಡಿಮೆ. ಅದು ಅವುಗಳಲ್ಲೊಂದು.

ಇನ್ನೊಂದು ಪ್ರಶ್ನೆಗೆ ನಾನು ಎಲ್ಲಿಗೂ ನಡೆದು ಹೋಗಲಿಲ್ಲ. ತಾಲ್ಲೂಕಿನ ಯಾವ ಯಾವ ದನದ ದವಾಖಾನೆಗಳಲ್ಲಿ ವೈದ್ಯರಿಲ್ಲ ಎಂದು ನಮ್ಮ ಶಾಸಕರು ಕೇಳಿದ್ದರು. ಜೊತೆಗೆ ಬಂದ ನಮೂನೆಯಲ್ಲಿ ಮೂರು ಕಾಲಂ: ಮಂಜೂರು, ಭರ್ತಿ, ಖಾಲಿ. ಒಂದು ಹಳ್ಳಿಯ ವೈದ್ಯರು ಒಂದೂವರೆ ವರ್ಷದಿಂದ ನಿಯೋಜನೆಯ ಮೇಲೆ ಗದಗಿನಲ್ಲಿದ್ದರು. ಅಲ್ಲೂ ಜನ ಸಾಲದೆ ಅವರನ್ನು ಎಳೆದುಕೊಂಡಿದ್ದರು. ಆದರೆ ಅವರ ಪಗಾರ ಈ ಹಳ್ಳಿಯ ಹೆಸರಿನಲ್ಲೇ ಆಗುತ್ತಿತ್ತು. ಕಳೆದ ಅಧಿವೇಶನದ ಉತ್ತರ ತೆಗೆದು, ದಿನಾಂಕ ಬದಲಿಸಿ, ‘ಭರ್ತಿ’ ಎಂದೇ ಕಳಿಸಿದೆ. ನಾವೆಲ್ಲ ಕೆಲಸ ಮಾಡುವ ರೀತಿಯೇ ಅದು.

ಆ ಸಾಲು ಬರೆಯುವಾಗ ಪೆನ್ನು ಎತ್ತಿ ಒಂದು ಗಳಿಗೆ ತಡೆದೆನೆಂದು ಬಹಳ ದಿನ ನಂಬಿದ್ದೆ. ಆಮೇಲೆ ಹೊಳೆಯಿತು, ನಮೂನೆ ತುಂಬಿದ್ದು ಕಂಪ್ಯೂಟರಿನಲ್ಲಿ. ಪೆನ್ನು ಇರಲೇ ಇಲ್ಲ. ನಾನು ದಿನವೂ ಬರೆದಿಡುವ ದಿನಚರಿಯಲ್ಲಿ ಆ ದಿನಕ್ಕಿರುವುದು ಇಷ್ಟೇ: ‘ಪ್ರಶ್ನೆಯ ಉತ್ತರ ಕಳಿಸಿದೆ. ಸೆಕೆ.’ ತಡೆದದ್ದನ್ನು ನಾನು ಆಮೇಲೆ ಸೇರಿಸಿಕೊಂಡಿರಬೇಕು.

ಮೂರು ವಾರದ ನಂತರ ಆ ಹಳ್ಳಿಯ ಹೆಣ್ಣುಮಗಳೊಬ್ಬರು ಕಚೇರಿಗೆ ಬಂದರು. ಊರಿನ ಮಹಿಳಾ ಹಾಲಿನ ಡೇರಿ ನಡೆಸುವವರು. ಶಾಸಕರಿಗೆ ಅರ್ಜಿ ಕೊಟ್ಟು ಆ ಪ್ರಶ್ನೆ ಕೇಳಿಸಿದವರು ಅವರೇ. ಸದನದ ಉತ್ತರದ ಪ್ರತಿಯನ್ನು ಪ್ಲಾಸ್ಟಿಕ್ ಚೀಲದಿಂದ ತೆಗೆದು ನನ್ನ ಟೇಬಲ್ಲಿನ ಮೇಲೆ ಇಟ್ಟರು.

“ಸಾಹೇಬ್ರ, ಈ ಭರ್ತಿ ಅಂದ್ರ ಏನ್ರಿ?”

“ಆ ಜಾಗಾಕ್ಕ ಡಾಕ್ಟರು ಅದಾರ ಅಂತ್ರಿ ಅಕ್ಕಾರ. ಕುಂಡ್ರಿ.”

“ಕುಂಡ್ರಾಕ ಬಂದಿಲ್ರಿ. ಎಲ್ಲಿ ಅದಾರ ಹೇಳ್ರಿ, ಅಲ್ಲೇ ಎಮ್ಮಿ ಹೊಡ್ಕೊಂಡು ಹೋಗ್ತೀನಿ. ಶಾಸಕರ ಪಿ.ಎ. ಫೋನ್ ಮಾಡಿ, ‘ಏನವಾ, ಡಾಕ್ಟರ್ ಇಲ್ಲ ಅಂತ ಸಾಹೇಬ್ರ ಕಡಿಂದ ಕೇಳಿಸಿದಿ, ಅಲ್ಲಿ ನೋಡಿದ್ರ ಅದಾರಂತ’ ಅಂದ. ಊರಾಗ ನಾನ ಸುಳ್ಳಿ ಆದೆ. ದವಾಖಾನಿಗೆ ಹಾಕಿದ ಕೀಲಿ ತುಕ್ಕ ಹಿಡದೈತಿ.”

ನಾನು ಕಾಗದ ನೋಡುತ್ತ ಕುಳಿತೆ. ಅದರಲ್ಲಿ ನೋಡುವಂಥದ್ದೇನೂ ಇರಲಿಲ್ಲ.

“ನಮ್ಮ ಎಮ್ಮಿ ಬಿಂಕದಕಟ್ಟಿ ಝೂದಾಗರ ಹುಟ್ಟಬೇಕಿತ್ತು. ಹುಲಿ ಜೋಡಿ ಅದನ್ನೂ ಡಾಕ್ಟರು ನೋಡ್ತಿದ್ರು. ಇದನ್ನ ಬರದಾವ್ರು ಯಾರ್ರಿ?”

“ಬೆಂಗಳೂರಿಂದ ಬಂದದ್ರಿ ಇದು.”

“ಬೆಂಗಳೂರಾವ್ರಿಗೆ ನಮ್ಮೂರ ಹೆಸರು ಹೆಂಗ ಗೊತ್ತಾತ್ರಿ?”

ಅದಕ್ಕೆ ಏನು ಹೇಳಿದೆನೋ ನೆನಪಿಲ್ಲ. ದಿನಚರಿಯಲ್ಲಿಯೂ ಇಲ್ಲ. ಸುಳ್ಳು ಹೇಳಿದ ದಿನಗಳಲ್ಲಿ ನಾನು ಕಡಿಮೆ ಬರೆಯುತ್ತೇನೆಂದು ಹಳೆಯ ಪುಟಗಳನ್ನು ತಿರುವಿದಾಗ ಕಂಡಿದೆ.

ಇಷ್ಟಕ್ಕೇ ಮುಗಿದಿದ್ದರೆ ಮರೆತುಬಿಡುತ್ತಿದ್ದೆನೇನೋ. ಆದರೆ ಆ ವರ್ಷ ಸರ್ಕಾರ ಹೊಸ ವೈದ್ಯರನ್ನು ತೆಗೆದುಕೊಂಡಿತು. ಅವರನ್ನು ಎಲ್ಲೆಲ್ಲಿಗೆ ಕಳಿಸಬೇಕೆಂಬ ಪಟ್ಟಿಗೆ ಖಾಲಿ ಜಾಗಗಳ ಹೆಸರು ಬೇಕಿತ್ತು. ಸದನಕ್ಕೆ ಕೊಟ್ಟ ಉತ್ತರವೇ ಎಲ್ಲಕ್ಕಿಂತ ಗಟ್ಟಿ ಲೆಕ್ಕವೆಂದು ಅದನ್ನೇ ಎತ್ತಿಕೊಂಡರು. ಪಕ್ಕದೂರಿಗೆ ವೈದ್ಯರು ಬಂದರು. ಆ ಹಳ್ಳಿಯ ಹೆಸರು ಪಟ್ಟಿಯಲ್ಲೇ ಇರಲಿಲ್ಲ.

ಪಟ್ಟಿ ನೋಡಿದ ದಿನ ನಮ್ಮ ಅಧಿಕಾರಿಯ ಮುಂದೆ ಹೋಗಿ ನಿಂತೆ. ಕೆಟ್ಟ ಮನುಷ್ಯರಲ್ಲ. ಆ ವೈದ್ಯರನ್ನು ವಾಪಸು ಕಳಿಸಿರೆಂದು ತಾವೇ ಎರಡು ಸಲ ಜಿಲ್ಲೆಗೆ ಪತ್ರ ಬರೆದಿದ್ದರು.

“ಸರ್, ಆ ಉತ್ತರ ತಿದ್ದಿ ಕಳಸೂಣೇನ್ರಿ?”

“ಅದು ಸದನಕ್ಕ ಹೋದ ಉತ್ತರರೀ. ಈಗ ತಿದ್ದಿದ್ರ ಮಂತ್ರಿಗಳು ಸದನಕ್ಕ ತಪ್ಪು ಹೇಳ್ಯಾರ ಅಂತ ಆಕ್ಕತಿ. ಆಮ್ಯಾಲೆ ಅವರು ಹೇಳಿದ್ದು ಯಾಕ ತಪ್ಪಾತು ಅಂತ ಹುಡುಕ್ಕೋತ ಕೆಳಗ ಬರ್ತಾರ. ಎಲ್ಲಿತನಾ ಬರ್ತಾರ ಹೇಳ್ರಿ?”

“ನನ್ನ ಟೇಬಲ್ ತನಾ ಬರ್ತಾರ್ರಿ.”

“ಸಹಿ ಯಾರದೈತಿ? ನಂದೈತಿ. ಹೋಗ್ರಿ, ಚಹಾ ಕುಡೀರಿ.”

ಚಹಾ ಕುಡಿದೆ. ಒಂದು ವಾರ ಬಿಟ್ಟು, ಸಂಜೆ ಹಾಲು ಹಾಕುವ ಹೊತ್ತಿಗೆ ಬಸ್ಸಿನಲ್ಲಿ ಆ ಹಳ್ಳಿಗೆ ಹೋದೆ. ತಪ್ಪೊಪ್ಪಿಕೊಳ್ಳಲೆಂದೇ ಹೋದೆ ಎಂದು ಬರೆದರೆ ಚೆನ್ನಾಗಿ ಕಾಣುತ್ತದೆ. ಹೋಗುವಾಗ ಅಷ್ಟು ಗಟ್ಟಿ ಮನಸ್ಸಿತ್ತೋ ಇಲ್ಲವೋ, ಈಗ ಹೇಳಲಾರೆ. ಡೇರಿಯ ಮುಂದೆ ಕ್ಯಾನು ಹಿಡಿದ ಹೆಂಗಸರ ಸಾಲು ಕರಗುವವರೆಗೆ ನಿಂತಿದ್ದು, ಆ ಉತ್ತರ ಬರೆದವನು ನಾನೇ ಎಂದು ಹೇಳಿದೆ.

ಅವರು ಹಾಲು ಅಳೆಯುವ ಮಾಪನ್ನು ತೊಳೆಯುತ್ತಲೇ ಇದ್ದರು.

“ಗೊತ್ತಿತ್ರಿ. ಅವತ್ತ ನೀವು ನನ್ನ ಮಾರಿ ನೋಡ್ಲಿಲ್ಲ.”

“ತಿದ್ದಾಕ ಕೇಳೀನ್ರಿ. ಆಗೂದಿಲ್ಲ ಅಂದ್ರು.”

“ಆಗೂದಿಲ್ಲಂದ್ರ ಬಿಡ್ರಿ. ಉತ್ತರಾ ಬರಿಯಾಕ ಬರ್ತೈತಂದ್ರ ಪ್ರಶ್ನೆನೂ ಬರಿಯಾಕ ಬರ್ತೈತಲ್ಲ. ನೀವು ಹೇಳ್ರಿ, ನಾ ಬರ್ಕೋತೀನಿ. ನಿಮ್ಮ ಅಕ್ಷರ ಬ್ಯಾಡ.”

ಡೇರಿಯ ನೋಟ್‌ಬುಕ್ಕಿನ ಹಾಳೆಯ ಮೇಲೆ ನಾನು ಹೇಳಿದಂತೆ ಅವರು ಬರೆದುಕೊಂಡರು: ಭರ್ತಿ ಎಂದು ತೋರಿಸಿದ ಹುದ್ದೆಗಳ ಪೈಕಿ ಬೇರೆಡೆ ಕೆಲಸ ಮಾಡುತ್ತಿರುವ ವೈದ್ಯರೆಷ್ಟು, ಎಂದಿನಿಂದ, ಅವರ ಮೂಲ ದವಾಖಾನೆಯ ಬಾಗಿಲು ತೆರೆಯುವವರು ಯಾರು? ನಮ್ಮವರು ಎಲ್ಲಿಂದ ನುಸುಳಿ ಹೋಗುತ್ತಾರೆಂದು ನನಗೆ ಗೊತ್ತಿತ್ತು. ಆ ಕಿಂಡಿಗಳನ್ನು ಒಂದೊಂದಾಗಿ ಮುಚ್ಚಿಸಿದೆ. ಅದರಲ್ಲಿ ಸ್ವಲ್ಪ ಖುಷಿಯೂ ಆಯಿತು ಎಂದು ದಿನಚರಿ ಹೇಳುತ್ತದೆ.

ಮುಂದಿನ ಅಧಿವೇಶನದಲ್ಲಿ ಆ ಪ್ರಶ್ನೆ, ಶಾಸಕರ ಹೆಸರಿನಲ್ಲಿ, ನನ್ನ ಟೇಬಲ್ಲಿಗೇ ಬಂತು. ಮೂರರೊಳಗೆ ಉತ್ತರ ಬೇಕಿತ್ತು. ಅಧಿಕಾರಿ ಎರಡು ಸಲ ಓದಿದರು.

“ಇದನ್ನ ಯಾವನೋ ಒಳಗಿನಾವನ ಬರದಾನ.”

“ಇರಬೇಕ್ರಿ.”

“ಏನ್ ಬರಿತೀರಿ?”

“ಇದ್ದದ್ದ ಬರಿತೀನ್ರಿ.”

ಅವರು ಬಹಳ ಹೊತ್ತು ಸುಮ್ಮನಿದ್ದು ಸಹಿ ಮಾಡಿದರೆಂದು ನನ್ನ ನೆನಪು. ದಿನಚರಿಯ ಪ್ರಕಾರ ಉತ್ತರ ಎರಡು ಗಂಟೆಗೇ ಹೋಗಿದೆ. ಹಾಗಾದರೆ ಬಹಳ ಹೊತ್ತು ಇರಲಾರದು.

ಆ ಉತ್ತರ ಸದನಕ್ಕೆ ಬಂದ ದಿನ ನಮ್ಮ ಶಾಸಕರು ಎದ್ದು ನಿಂತು ಆ ಹಳ್ಳಿಯ ಹೆಸರು ಓದಿದ್ದನ್ನು ಫೋನಿನಲ್ಲಿ ನೋಡಿದೆ. ‘ಹುದ್ದೆ ಭರ್ತಿ ಇದೆ, ದವಾಖಾನೆಗೆ ಬೀಗ ಇದೆ, ಇದಕ್ಕೇನು ಹೇಳುತ್ತೀರಿ’ ಎಂದರು. ಗಮನಕ್ಕೆ ಬಂದಿದೆ, ಪರಿಶೀಲಿಸಲಾಗುವುದು ಎಂದರು ಮಂತ್ರಿಗಳು. ಎರಡು ನಿಮಿಷವೂ ಆಗಿರಲಿಕ್ಕಿಲ್ಲ, ಮುಂದಿನವರ ಹೆಸರು ಕರೆದರು. ಒಂದು ತಿಂಗಳ ಮೇಲೆ ಆದೇಶ ಬಂತು: ಆ ವೈದ್ಯರು ಮಂಗಳವಾರ ಮತ್ತು ಶುಕ್ರವಾರ ಹಳ್ಳಿಗೆ ಹೋಗಬೇಕು, ಉಳಿದ ದಿನ ಗದಗಿನಲ್ಲಿರಬೇಕು.

ಡೇರಿಯ ಅಕ್ಕ ಫೋನ್ ಮಾಡಿದರು. “ಬಂದಿದ್ರು. ಪಾಪ, ಚಲೋ ಮನಷಾ. ಉಳದ ಐದ ದಿನ ಜಡ್ಡ ಬೀಳಬಾರ್ದು ಅಂತ ಎಮ್ಮಿಗೊಳಿಗೆ ಹೇಳಿಟ್ಟೀನಿ. ಈಗೇನ್ ಮಾಡೂಣ್ರಿ?”

ಇದ್ದದ್ದನ್ನು ಹೇಳಿದೆ. ಆ ವೈದ್ಯರ ಹೆಸರು ಅಲ್ಲಿರುವವರೆಗೆ ಜಾಗ ಭರ್ತಿಯೇ. ದಿನವೂ ಇರುವ ವೈದ್ಯರು ಬೇಕಾದರೆ ಇವರನ್ನು ಕಾಯಂ ಆಗಿ ಗದಗಿಗೆ ವರ್ಗ ಮಾಡಿ, ಹಳ್ಳಿಯ ಜಾಗವನ್ನು ಖಾಲಿ ಎಂದು ತೋರಿಸಬೇಕು. ಶಾಸಕರು ಅದನ್ನೇ ಕೇಳಬೇಕು. ಆದರೆ ಇವರು ಹೋದ ಮೇಲೆ ಹೊಸಬರು ಯಾವಾಗ ಬರುತ್ತಾರೆಂದು ಯಾರೂ ಹೇಳಲಾರರು. ಈಗಿರುವ ಎರಡು ದಿನವೂ ಕೈಬಿಟ್ಟು ಹೋಗಬಹುದು.

“ನೀವಾಗಿದ್ರ ಏನ್ ಮಾಡ್ತಿದ್ರಿ?”

“ನನ್ನ ಮನಿಯಾಗ ಎಮ್ಮಿ ಇಲ್ರಿ ಅಕ್ಕಾರ.”

“ಹೌದಲ್ಲ,” ಎಂದರು. “ನಾಳೆ ಹಾಲು ಹಾಕಾಕ ಬಂದಾವ್ರನ್ನ ಕೇಳ್ತೀನಿ.”

ಮರುದಿನ ಬೆಳಿಗ್ಗೆ ಕಚೇರಿಗೆ ಹೊರಡುವಾಗ ಫೋನ್ ಬಂತು. ಹಿಂದೆ ಹೆಂಗಸರು ಜೋರಾಗಿ ವಾದಿಸುತ್ತಿದ್ದರು. ಎಲ್ಲರೂ ಒಪ್ಪಿದಂತೆ ಕೇಳಿಸಲಿಲ್ಲ.

“ಖಾಲಿ ಮಾಡಸ್ರಿ,” ಎಂದರು. “ಹೇಳ್ರಿ, ಬರ್ಕೋತೀನಿ.”

ನಾನು ಮೆಟ್ಟಿಲ ಮೇಲೆ ಕುಳಿತು, ಅವರು ಬರೆದುಕೊಳ್ಳುವಷ್ಟು ನಿಧಾನವಾಗಿ, ಹೇಳತೊಡಗಿದೆ.