ಗೋವಿಂದಮ್ಮನ ತಮ್ಮ ಪರದೇಶಿಯಾದದ್ದು

ಸಾರಕ್ಕಿ ಮಾರ್ಕೆಟ್ಟಿನಲ್ಲಿ ಸೊಪ್ಪು ಮಾರುವ ಗೋವಿಂದಮ್ಮನ ಗಂಟಲು ಎಂಥದ್ದೆಂದರೆ, ಅವಳು "ದಂಟು, ಮೆಂತ್ಯೆ, ಸಬ್ಬಸಿಗೆ" ಎಂದು ಕೂಗಿದರೆ ಕನಕಪುರ ರಸ್ತೆಯಲ್ಲಿ ಬಸ್ಸಿಗೆ ಕಾಯುತ್ತಿದ್ದವರೂ ತಿರುಗಿ ನೋಡುತ್ತಿದ್ದರು. ಚೌಕಾಸಿ ಮಾಡುವವರಿಗೆ ಅವಳದು ಒಂದೇ ಉತ್ತರ: "ತಗೊಂಡ್ರೆ ತಗೊಳ್ಳಿ, ಇಲ್ಲಾಂದ್ರೆ ಮುಂದಕ್ಕೋಗಿ ತಾಯಿ."

ಇಂಥ ಹೆಂಗಸು ಒಂದೇ ಒಂದು ವಿಷಯದಲ್ಲಿ ಬಲು ನಾಜೂಕು. ಅದು ಜರಗನಹಳ್ಳಿಯ ಮನೆಯಲ್ಲಿ ತಮ್ಮ ದೇವದಾಸನ ಪಾಲಿಗೆ ಬಂದ ಕೋಣೆ. ಅಪ್ಪ ಮಾರಯ್ಯ ಸಾಯುವ ಮುಂಚೆ ಮನೆಯ ನಡುವೆ ಗೋಡೆ ಎತ್ತಿಸಿ, ಗಂಡ ಸತ್ತು ತವರಿಗೆ ಬಂದಿದ್ದ ಮಗಳಿಗೆ ಒಂದು, ಸಿಂಗಾಪುರದ ಬಂದರಿನಲ್ಲಿ ವೆಲ್ಡರ್ ಆಗಿದ್ದ ಮಗನಿಗೆ ಒಂದು ಎಂದು ಬರೆದಿಟ್ಟಿದ್ದ. ಗೋವಿಂದಮ್ಮನ ಪಾಲಿನಲ್ಲಿ ಸೊಪ್ಪಿನ ಮಂಕರಿಗಳೇ ತುಂಬಿ, ಅವಳು ಮೊಣಕಾಲು ಮಡಿಸಿ ಮಲಗುತ್ತಿದ್ದಳು. ತಮ್ಮನ ಕೋಣೆಯ ಬೀಗದ ಕೈ ಅವಳ ಎಲೆಅಡಿಕೆ ಚೀಲದಲ್ಲೇ ಇತ್ತು. ಆದರೆ ಅದು ಹೊರಗೆ ಬರುತ್ತಿದ್ದದ್ದು ಕಸ ಗುಡಿಸಲಿಕ್ಕೆ ಮಾತ್ರ. "ಅವನ ಮನೆ. ಅವನನ್ ಕೇಳ್ದೆ ಮಂಕರಿ ಹೆಂಗಿಡ್ಲಿ?" ಅನ್ನುತ್ತಿದ್ದಳು. ಅಬ್ಬಾ, ಆ ನಿಯತ್ತೇ!

ಎಪ್ಪತ್ತೊಂಬತ್ತನೇ ಇಸವಿಯಲ್ಲಿ ದೇವದಾಸ ರಜೆಯ ಮೇಲೆ ಬಂದ. ಅಕ್ಕನಿಗೆ ನೈಲಾನ್ ಸೀರೆ, ಪಕ್ಕದ ಮನೆಯ ಚಿಕ್ಕಪ್ಪ ಪಾಪಯ್ಯನಿಗೆ ಟಾರ್ಚು ತಂದ. ಪಾಪಯ್ಯ ಆಗಲೇ ತನ್ನ ಹಿತ್ತಿಲ ತುಂಬಾ ಬಾಡಿಗೆ ಮನೆ ಕಟ್ಟಿಸಿದ್ದ. ಈ ಬೀಗ ಹಾಕಿದ ಕೋಣೆಯ ಮೇಲೂ ಅವನ ಕಣ್ಣಿತ್ತು. ಟಾರ್ಚನ್ನು ಹತ್ತಿಸಿ ಆರಿಸುತ್ತಾ ಶುರುಮಾಡಿದ.

"ನೋಡಮ್ಮ ಗೋವಿಂದಿ, ಹೊಸ ಕಾನೂನು ಬಂದೈತೆ. ನಿನ್ ತಮ್ಮ ಈಗ ಪರದೇಶಿ. ಪರದೇಶಿಗೆ ಇಲ್ಲಿ ಮನೆ ಇಟ್ಕೊಳೋ ಹಕ್ಕಿಲ್ಲ. ಸರ್ಕಾರ ಕಿತ್ಕೊಳೋಕ್ ಮುಂಚೆ ನನ್ ಹೆಸ್ರಿಗೆ ಬರ್ಕೊಡ್ಲಿ."

ಪರದೇಶಿ! ಗೋವಿಂದಮ್ಮನಿಗೆ ಗೊತ್ತಿದ್ದ ಪರದೇಶಿ ಒಂದೇ ಥರದವನು: ಹಿಂದುಮುಂದು ಯಾರೂ ಇಲ್ಲದ, ದಿಕ್ಕುಗೆಟ್ಟವನು. ಕೈಲಿದ್ದ ಮೊರ ಎಸೆದು ಎದ್ದಳು.

"ಯಾರನ್ ಪರದೇಶಿ ಅಂತೀಯ ಚಿಕ್ಕಪ್ಪ? ಒಡಹುಟ್ಟಿದೋಳು ನಾನಿನ್ನೂ ಗುಂಡುಕಲ್ಲಂಗೆ ಇದೀನಿ! ನನ್ ತಮ್ಮ ಯಾಕ್ ಪರದೇಶಿ ಆದಾನು? ನಿನ್ ನಾಲ್ಗೆ ಬಿದ್ದೋಗ!"

ಬೀದಿಯೆಲ್ಲಾ ಬಾಗಿಲಿಗೆ ಬಂತು. ದೇವದಾಸ ಅಕ್ಕನ ತೋಳು ಹಿಡಿದುಕೊಂಡ. "ಅನಾಥ ಅಂತಲ್ಲ ಅಕ್ಕ, ಬೇರೆ ದೇಶದೋನು ಅಂತ. ಅದು ನಿಜಾನೇ. ಕೆಲ್ಸ ಕಾಯಂ ಆಗ್ಲಿ ಅಂತ ನಾನು ಅಲ್ಲಿನ ಪ್ರಜೆ ಆಗ್ಬಿಟ್ಟೆ."

ಗೋವಿಂದಮ್ಮನಿಗೆ ಚಿಕ್ಕಪ್ಪನ ಮಾತಿಗಿಂತ ಇದು ಹೆಚ್ಚು ನೋವು ಕೊಟ್ಟಿತು. ಜಗಲಿಯ ಮೇಲೆ ಕುಸಿದು ಕೂತಳು.

"ನಂಗೊಂದ್ ಮಾತ್ ಹೇಳ್ಲಿಲ್ವಲ್ಲೋ."

"ಹೆಂಗೆ ಹೇಳೋದು ಅಂತ ಗೊತ್ತಾಗ್ಲಿಲ್ಲ. ಹೋಗ್ಲಿ ಬಿಡಕ್ಕ, ನೀನಂತೂ ತಗೊಳಲ್ಲ, ಕೋಣೆ ಚಿಕ್ಕಪ್ಪಂಗೇ ಕೊಟ್ಬಿಡೋಣ. ಜಗಳ ಯಾಕೆ?"

"ಕೊಡು. ಸಹಿ ಹಾಕಿದ್ ದಿನ ನೀನು ನನ್ ಪಾಲಿಗೂ ಪರದೇಶೀನೇ."

ದೇವದಾಸ ಸಹಿ ಹಾಕಲಿಲ್ಲ.

ಮಾರನೆಯ ಬೆಳಿಗ್ಗೆ ಗೋವಿಂದಮ್ಮ ಹೊಸ ಸೀರೆ ಉಟ್ಟು, ತಮ್ಮನನ್ನು ಎಳೆದುಕೊಂಡು ಜಯನಗರದ ಲಾಯರ್ ಸಿದ್ದಲಿಂಗಯ್ಯನವರ ಮನೆಗೆ ಹೋದಳು. ಅವಳು ದಿನಾ ಸೊಪ್ಪು ಹಾಕುತ್ತಿದ್ದ ಮನೆ ಅದು. ಲಾಯರು ಎಲ್ಲ ಕೇಳಿ ನಕ್ಕರು.

"ನಿಮ್ ಚಿಕ್ಕಪ್ಪ ಅರ್ಧ ಕಾನೂನು ಓದ್ಕೊಂಡಿದಾರೆ. ಬೇರೆ ದೇಶದ ಪ್ರಜೆ ಆದೋರು ಇಲ್ಲಿ ಮನೆ ಇಟ್ಕೋಬೇಕಾದ್ರೆ ರಿಸರ್ವ್ ಬ್ಯಾಂಕ್ ಪರ್ಮಿಷನ್ ಬೇಕು. ಅಪ್ಪನಿಂದ ಬಂದಿರೋ ಮನೆ, ಕೇಳೋಣ."

"ಕೊಡಲ್ಲ ಅಂದ್ರೆ?"

"ಆಗ ಕೈಬಿಡ್ಬೇಕಾಗತ್ತಮ್ಮ."

ಅರ್ಜಿ ಹೋಯಿತು, ದೇವದಾಸನೂ ಸಿಂಗಾಪುರಕ್ಕೆ ಹೋದ. ಆಮೇಲೆ ಕಾಯುವ ಕೆಲಸ ಅಕ್ಕನದು. ಪಾಪಯ್ಯ ಎದುರು ಸಿಕ್ಕಾಗಲೆಲ್ಲ ಟಾರ್ಚು ತಿರುಗಿಸುತ್ತಾ "ಬಂತೇನಮ್ಮ ಪರ್ಮಿಷನ್ನು?" ಅಂತ ಕೆಣಕುತ್ತಿದ್ದ. ಇವಳು ಅದೇ ಸಿಟ್ಟಿನಲ್ಲಿ ಲಾಯರ ಮನೆಗೆ ಇನ್ನೊಂದು ಕಟ್ಟು ಸಬ್ಬಸಿಗೆ ಪುಕ್ಕಟೆ ಕೊಟ್ಟು ವಿಚಾರಿಸಿಕೊಂಡು ಬರುತ್ತಿದ್ದಳು. ಆ ಮನೆಯವರು ಪಾಪ, ಸಬ್ಬಸಿಗೆ ತಿಂದು ತಿಂದು ಸುಸ್ತಾದರು.

ಕೊನೆಗೂ ಒಪ್ಪಿಗೆ ಬಂತು. ಎಂಬತ್ತೊಂದರಲ್ಲಿ ದೇವದಾಸ ಮತ್ತೆ ಬಂದಾಗ ಗೋವಿಂದಮ್ಮ ಎಲೆಅಡಿಕೆ ಚೀಲದಿಂದ ಬೀಗದ ಕೈ ತೆಗೆದು ಅವನ ಅಂಗೈಗೆ ಹಾಕಿದಳು. ಅವನು ಬಾಗಿಲು ತೆಗೆದ. ಸಾರಿಸಿ ಗುಡಿಸಿದ ಖಾಲಿ ಕೋಣೆ, ಮೂಲೆಯಲ್ಲಿ ಒಂದು ಜೇಡರ ಬಲೆಯೂ ಇಲ್ಲ. ಆಮೇಲೆ ಅಕ್ಕನ ಕೋಣೆಗೆ ಇಣುಕಿ, ಮಂಕರಿಗಳ ನಡುವೆ ಸುತ್ತಿಟ್ಟಿದ್ದ ಅವಳ ಚಾಪೆ ನೋಡಿದ. ಅವನ ಕಣ್ಣು ತುಂಬಿ ಬಂತು.

"ಇಷ್ಟು ಜಾಗ ಖಾಲಿ ಬಿಟ್ಟು ಅಲ್ಲಿ ಮಲಗ್ತಿದ್ಯಾ? ಮಂಕರಿ ಎಲ್ಲಾ ಇಲ್ಲಿಗ್ ತಗೊಂಡ್ ಬಾ."

"ಇಡೋಕೆ ಯಾರ್ ಪರ್ಮಿಷನ್ ಬೇಕೋ?"

"ನಂದೇ ಸಾಕು ಕಣಕ್ಕ."

ಗೋಡೆಯಾಚೆ ಪಾಪಯ್ಯ ಕೆಮ್ಮಿದ ಸದ್ದು ಕೇಳಿಸಿತು. ಗೋವಿಂದಮ್ಮ ಕಿವಿಗೆ ಕೈ ಹಿಡಿದಳು.

"ಏನಂದೆ? ಸರಿಯಾಗ್ ಕೇಳಿಸ್ಲಿಲ್ಲ, ಜೋರಾಗ್ ಹೇಳು!"

"ನನ್ ಮನೆ ಕಣಕ್ಕ! ನಂದೇ ಸಾಕು!"

ಗೋವಿಂದಮ್ಮ ಸೆರಗು ಸಿಕ್ಕಿಸಿಕೊಂಡು ಮಂಕರಿ ತರಲು ಹೋದಳು.