ಹುಸೇನಬಿಗೆ ಕುಡಿಸಿದ ಕಷಾಯ

ಶಾಹೀನ, ನಿನ್ನ ತಾಯಿ ಹುಸೇನಬಿಯ ಚಿಕಿತ್ಸೆ ಅರ್ಧಕ್ಕೆ ನಿಂತದ್ದು ನನ್ನ ಸುಳ್ಳಿನಿಂದ. ಎಂಬತ್ತರ ದಶಕದ ಮಾತು. ನೀನಾಗ ನಾಲ್ಕು ವರ್ಷದ ಕೂಸು.

ಬೆಟಗೇರಿಯಲ್ಲಿ ನಮ್ಮೆರಡು ಮನೆಗಳಿಗೆ ಒಂದೇ ಗೋಡೆ. ಹುಸೇನಬಿ ಮಗ್ಗಕ್ಕೆ ಕೂತರೆ ಈಚೆ ನನಗೆ ಸದ್ದು ಕೇಳುತ್ತಿತ್ತು. ಅವಳ ಎದೆಯ ಗಂಟು ಕ್ಯಾನ್ಸರ್ ಎಂದು ತಿಳಿದು ಹುಬ್ಬಳ್ಳಿಯಲ್ಲಿ ಆಪರೇಷನ್ ಆಯಿತು. ಆಮೇಲೆ ಮೂರು ವಾರಕ್ಕೊಮ್ಮೆ ಇಂಜೆಕ್ಷನ್. ನಿನ್ನ ಅಪ್ಪ ಸೀರೆ ಮಾರಲು ಊರೂರು ತಿರುಗುತ್ತಿದ್ದರಿಂದ ಅವಳ ಜೊತೆ ನಾನೇ ಹೋಗುತ್ತಿದ್ದೆ. ಮೊದಲ ಸಲವೇ ವಾಂತಿಯಾಗಿ ಅವಳು ಹಣ್ಣಾದಳು. ಮುಂಡರಗಿ ಕಡೆ ನನ್ನ ತವರು. ಅಲ್ಲಿ ನನ್ನಪ್ಪ ಕಪ್ಪತಗುಡ್ಡದ ಬೇರು, ತೊಗಟೆಗಳಿಂದ ಔಷಧಿ ಮಾಡಿಕೊಡುತ್ತಿದ್ದರು. ಅವಳ ಸ್ಥಿತಿ ಹೇಳಿ ಅವರಿಂದ ಕಷಾಯದ ಪೊಟ್ಟಣ ತಂದೆ.

"ಸೂಜಿ ತನ್ನ ಕೆಲಸ ಮಾಡ್ಲಿ, ಇದು ತನ್ನ ಕೆಲಸ ಮಾಡತೈತಿ. ಎರಡೂ ಕೂಡಿದ್ರ ಗಂಟು ಮತ್ತ ಏಳೂದಿಲ್ಲ," ಅಂದರು.

ದಿನಾ ಬೆಳಿಗ್ಗೆ ನಾನೇ ಕುದಿಸಿ ಕುಡಿಸಿದೆ.

ಮೂರನೆಯ ಇಂಜೆಕ್ಷನ್ ಹೊತ್ತಿಗೆ ಅವಳ ಕಣ್ಣು ಹಳದಿಗಟ್ಟಿತ್ತು. ಡಾಕ್ಟರ್ ಕೇಳಿದರು: "ಬ್ಯಾರೆ ಏನರ ಔಷಧ ತಗೋಳಾಕತ್ತೀರೇನು? ಖರೆ ಹೇಳ್ರಿ."

ಹುಸೇನಬಿ ಬಾಯಿ ತೆರೆದಿದ್ದಳು — ನಾನು ಅವಳ ಕೈ ಅದುಮಿದೆ.

"ಇಲ್ರಿ ಸಾಹೇಬ್ರ. ಏನೂ ಇಲ್ರಿ," ಎಂದೆ.

ಅಪ್ಪನಿಗೆ ಕೆಟ್ಟ ಹೆಸರು ಬಂದೀತೆಂದು...

ಇಂಜೆಕ್ಷನ್ನೇ ಮೈಗೆ ಒಗ್ಗುತ್ತಿಲ್ಲವೆಂದು ಡಾಕ್ಟರ್ ನಿಲ್ಲಿಸಿದರು. ಮನೆಗೆ ಬಂದು ನಾನು ಹೆದರಿ ಕಷಾಯವನ್ನೂ ಚೆಲ್ಲಿದೆ. ತಿಂಗಳೊಳಗೆ ಕಾಮಾಲೆ ಇಳಿಯಿತು. ಅದು ಯಾವುದರಿಂದ ಬಂದಿತ್ತೋ! ಆಗಲಾದರೂ ಹುಬ್ಬಳ್ಳಿಯ ಬಸ್ ಹತ್ತಿ ನಿಜ ಹೇಳಿದ್ದರೆ ಇಂಜೆಕ್ಷನ್ ಮತ್ತೆ ಶುರುವಾಗುತ್ತಿತ್ತೇನೋ — ಹತ್ತಲಿಲ್ಲ.

ಮರುವರ್ಷ ಕಂಕುಳಲ್ಲಿ ಗಂಟು ಎದ್ದಿತು. ಹಾಸಿಗೆ ಹಿಡಿದ ಮೇಲೆ ಒಂದು ಮಧ್ಯಾಹ್ನ ಅವಳು ಕೇಳಿದಳು: "ಅವತ್ತ ಹೇಳಿದ್ರ ಚೊಲೋ ಆಗ್ತಿತ್ತೇನ, ಗಂಗಾ?"

"ಈಗ್ಯಾಕ ಅದು? ಮಲ್ಕೋ," ಎಂದೆ.

ಮತ್ತೆ ಕೇಳಲಿಲ್ಲ. ಯಾರ ಮುಂದೆಯೂ ನನ್ನ ಹೆಸರೆತ್ತದೆ ಹೋದಳು.

ಈಚೆಗೆ ಪತ್ರಿಕೆಯಲ್ಲಿ ಓದಿದೆ — ಗಿಡಗಳ ಸತ್ವವನ್ನು ಆ ಇಂಜೆಕ್ಷನ್ನಿನಂಥ ಔಷಧಿಗಳ ಜೊತೆ ಬೆರೆಸಿ ಸ್ತನ ಕ್ಯಾನ್ಸರಿನ ಜೀವಕೋಶಗಳ ಮೇಲೆ ಪ್ರಯೋಗ ಮಾಡುತ್ತಾರಂತೆ. ಕೆಲವು ನೆರವಾಗುತ್ತವೆ, ಕೆಲವು ಕೆಡಿಸುತ್ತವೆ. ಅಳೆದು ನೋಡುತ್ತಾರೆ, ಕಂಡದ್ದನ್ನು ಬರೆದಿಡುತ್ತಾರೆ. ಅಪ್ಪನ ಬೇರು ಯಾವ ಬಗೆಯದೋ ನನಗೆ ಗೊತ್ತಿಲ್ಲ. ಗೊತ್ತಾಗುವ ದಾರಿಯನ್ನೇ ನಾನು ಮುಚ್ಚಿದೆ.

"ಖಾಲಾ, ಅಮ್ಮೀಗೆ ಇಂಜೆಕ್ಷನ್ ಯಾಕ ನಿಲ್ಲಿಸಿದ್ರು?" ಎಂದು ನಿನ್ನ ಮದುವೆಗೆ ಮುಂಚೆ ನೀನು ಕೇಳಿದ್ದೆ. "ಮೈ ತಡಕೊಳ್ಳಲಿಲ್ಲವ್ವ" ಅಂದಿದ್ದೆ. ಇನ್ನೊಂದು ಸುಳ್ಳು.

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ಲಕ್ಷ್ಮೇಶ್ವರದ ನಿನ್ನ ಮನೆಗೆ ಬಂದು ನಿನ್ನ ಕೈಗೇ ಕೊಡುತ್ತೇನೆ. ನೀನು ಓದಿ ಮುಗಿಸುವವರೆಗೆ ಎದುರಿಗೆ ಕೂತಿರುತ್ತೇನೆ.